ಎರಡನೇ ತುಂಡಿನ ಖರ್ಚು

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಅರ್ಜಿ ಪರಿಶೀಲನಾ ಸಮಿತಿಯ ಪರವಾಗಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಿಮ್ಮ ಅರ್ಜಿಗಳನ್ನು ಮೊದಲು ಓದುವವರು ನಾವು. ನಮ್ಮ ಸಮಿತಿಯಲ್ಲಿ ಇರುವವರೆಲ್ಲ ನಿವೃತ್ತ ಶಿಕ್ಷಕರು; ಗಣಿತ, ವಿಜ್ಞಾನ, ಕನ್ನಡ, ಉರ್ದು ಕಲಿಸಿದವರು. ಅರ್ಜಿಯಲ್ಲಿ ಶುಲ್ಕ, ಪುಸ್ತಕ, ಹಾಸ್ಟೆಲ್, ಬಸ್ ಪಾಸ್ ಎಂದು ನಾಲ್ಕು ಅಂಕಣಗಳಿವೆ. ಈ ಬಾರಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವ ಒಬ್ಬ ವಿದ್ಯಾರ್ಥಿ ಆ ನಾಲ್ಕರ ಕೆಳಗೆ ತಾನೇ ಗೆರೆ ಎಳೆದು ಐದನೆಯ ಅಂಕಣ ಮಾಡಿದ್ದ. ಅದರಲ್ಲಿ ಬರೆದದ್ದು: ಗಿಟಾರ್ ಟ್ರೆಮೊಲೊ ಮಾದರಿ ತಯಾರಿಸಲು ಉಕ್ಕಿನ ಪಟ್ಟಿ, ಹಿತ್ತಾಳೆ ಸರಳು, ಸ್ಪ್ರಿಂಗ್, ಡ್ರಿಲ್ ಬಿಟ್. ಪಕ್ಕದಲ್ಲಿ ‘ಎರಡು ಸಲಕ್ಕೆ ಆಗುವಷ್ಟು’ ಎಂದೂ ಇತ್ತು.

ನಮ್ಮಲ್ಲೇ ಒಬ್ಬರು ಕೇಳಿದರು, ‘ಇದು ಓದೋ, ಆಟವೋ?’ ಕೇಳಬೇಕಾದ ಪ್ರಶ್ನೆಯೇ. ದಾನಿಗಳ ಹಣಕ್ಕೆ ನಾವು ಲೆಕ್ಕ ಕೊಡಬೇಕು. ಹಾಗಾಗಿ ಆ ವಸ್ತು ಏನು, ಅದನ್ನು ಯಾರು ಹೇಗೆ ಮಾಡಿದರು, ಮಾಡುವಾಗ ಹುಡುಗನೊಬ್ಬ ಏನು ಕಲಿಯುತ್ತಾನೆ ಎಂಬುದನ್ನು ನಾವು ಕುಳಿತು ತಿಳಿದುಕೊಂಡೆವು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇವೆ. ಸಂಗೀತದ ಬಗ್ಗೆ ಈ ಸಭೆಯಲ್ಲಿ ಬೇರೆ ಬೇರೆ ಅಭಿಪ್ರಾಯದವರು ಇರಬಹುದು. ನಮ್ಮ ಇಂದಿನ ಮಾತು ಕಬ್ಬಿಣ, ಅಳತೆ ಮತ್ತು ತಾಳ್ಮೆಯ ಬಗ್ಗೆ.

ವೀಣೆಯಲ್ಲಿ ತಂತಿಗಳು ಕುದುರೆಯ ಮೇಲೆ ಹಾದು ಬಿರಡೆಗೆ ಸುತ್ತಿಕೊಳ್ಳುತ್ತವೆ. ಸ್ವರವನ್ನು ಬಳುಕಿಸಬೇಕಾದರೆ ವೈಣಿಕರು ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಎಳೆಯುತ್ತಾರೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಇದಕ್ಕೆ ಇನ್ನೊಂದು ದಾರಿಯೂ ಇದೆ. ಅಲ್ಲಿ ಕುದುರೆಯೇ ಅಲುಗುತ್ತದೆ. ಕುದುರೆಗೆ ಒಂದು ಹಿಡಿಸರಳು ಇರುತ್ತದೆ. ಅದನ್ನು ಒತ್ತಿದರೆ ಆರೂ ತಂತಿಗಳು ಒಟ್ಟಿಗೆ ಸಡಿಲಗೊಂಡು ಸ್ವರ ಇಳಿಯುತ್ತದೆ. ಬಿಟ್ಟರೆ ಹಿಂಬದಿಯ ಸ್ಪ್ರಿಂಗುಗಳು ಕುದುರೆಯನ್ನು ಮೊದಲಿನ ಜಾಗಕ್ಕೆ ಎಳೆದು ತರುತ್ತವೆ. ಈ ಸಾಧನಕ್ಕೆ ಟ್ರೆಮೊಲೊ ಎಂದು ಹೆಸರು. ಸಂಗೀತದ ಲೆಕ್ಕದಲ್ಲಿ ಇದು ತಪ್ಪು ಹೆಸರು. ಟ್ರೆಮೊಲೊ ಎಂದರೆ ಸದ್ದಿನ ಏರಿಳಿತ; ಶ್ರುತಿಯ ಏರಿಳಿತಕ್ಕೆ ವೈಬ್ರಾಟೊ ಎನ್ನಬೇಕು. ಅಮೆರಿಕದ ಲಿಯೊ ಫೆಂಡರ್ ತನ್ನ ಪೇಟೆಂಟಿನಲ್ಲಿ ಟ್ರೆಮೊಲೊ ಎಂದು ಬರೆದರು, ಆ ಹೆಸರೇ ಉಳಿಯಿತು.

ಒತ್ತುವುದು ಸುಲಭ. ಬಿಟ್ಟ ಮೇಲೆ ತಂತಿ ಸರಿಯಾಗಿ ಮೊದಲಿನ ಜಾಗಕ್ಕೇ ಬರಬೇಕು, ಕಷ್ಟವಿರುವುದು ಅಲ್ಲಿ. ಬಾರದಿದ್ದರೆ ಶ್ರುತಿ ಕೆಟ್ಟಿತು. ಎಷ್ಟು ಸರಿಯಾಗಿ ಬರಬೇಕು ಎಂಬುದನ್ನು ನಾವು ಲೆಕ್ಕ ಹಾಕಿ ನೋಡಿದೆವು. ಗಿಟಾರಿನ ಅತಿ ತೆಳುವಾದ ತಂತಿಯ ವ್ಯಾಸ ಸುಮಾರು 0.25 ಮಿ.ಮೀ. ಫೆಂಡರ್ ಮಾದರಿಯ ಗಿಟಾರಿನಲ್ಲಿ ಅದು ನುಡಿಯುವ ಉದ್ದ 648 ಮಿ.ಮೀ. ಅದನ್ನು ಶ್ರುತಿಗೆ ತಂದಾಗ ಎಳೆತ ಸುಮಾರು 7.3 ಕೆ.ಜಿ. ಈ ಎಳೆತಕ್ಕೆ ಉಕ್ಕಿನ ತಂತಿ ಸುಮಾರು 4.5 ಮಿ.ಮೀ. ಹಿಗ್ಗಿರುತ್ತದೆ. ಒಂದು ಅರ್ಧಸ್ವರವನ್ನು 100 ಭಾಗ ಮಾಡಿದರೆ, ಅದರಲ್ಲಿ 5 ಭಾಗ ತಪ್ಪಿದರೂ ಪಳಗಿದ ಕಿವಿಗೆ ಗೊತ್ತಾಗುತ್ತದೆ. ಆ 5 ಭಾಗಕ್ಕೆ ಎಳೆತದಲ್ಲಿ ಬೇಕಾಗುವ ವ್ಯತ್ಯಾಸ ನೂರಕ್ಕೆ 0.6ರಷ್ಟೂ ಇಲ್ಲ. ಅಂದರೆ ಹಿಗ್ಗಿನಲ್ಲಿ ಸುಮಾರು 0.026 ಮಿ.ಮೀ. ನಮ್ಮ ತಲೆಗೂದಲಿನ ದಪ್ಪದ ಅರ್ಧಕ್ಕಿಂತ ಕಡಿಮೆ!

ಐಟಿಐ ಮಕ್ಕಳು ಬಳಸುವ ವರ್ನಿಯರ್ ಕ್ಯಾಲಿಪರಿನಲ್ಲಿ ಓದಬಹುದಾದ ಅತಿ ಸಣ್ಣ ಅಳತೆ 0.02 ಮಿ.ಮೀ. ತಂತಿ ಪ್ರತಿ ಸಲವೂ ಹೆಚ್ಚುಕಡಿಮೆ ಆ ಒಂದು ಗೆರೆಯೊಳಗೆ ಹಿಂದಿರುಗಬೇಕು. ಈ ಲೆಕ್ಕ ಮುಗಿದ ಮೇಲೆ ‘ಆಟವೋ’ ಎಂಬ ಮಾತು ನಮ್ಮ ಸಮಿತಿಯಲ್ಲಿ ಮತ್ತೆ ಬರಲಿಲ್ಲ.

ಇನ್ನು ಇದನ್ನು ಮಾಡಿದವರ ವಿಷಯ. ಮಕ್ಕಳೇ, ಅವರು ಯಾರು, ಮೊದಲು ಯಾವ ಕೆಲಸ ಮಾಡುತ್ತಿದ್ದರು ಎಂಬುದನ್ನು ಗಮನಿಸಿ.

1930ರ ದಶಕದಲ್ಲಿ ಅಮೆರಿಕದ ಡಾಕ್ ಕಾಫ್‌ಮನ್ ಎಂಬವರ ವೈಬ್ರೋಲಾ ಎಂಬ ಸಾಧನ ಬಳಕೆಯಲ್ಲಿತ್ತು. ಅದು ಸ್ವರವನ್ನು ಬಳುಕಿಸುತ್ತಿತ್ತು, ಆದರೆ ಶ್ರುತಿಯನ್ನು ಕೆಡಿಸುತ್ತಿತ್ತು. ಮರ್ಲ್ ಟ್ರಾವಿಸ್ ಎಂಬ ವಾದಕರು ತಮ್ಮ ಗಿಟಾರಿನ ವೈಬ್ರೋಲಾವನ್ನು ಸರಿಮಾಡಿಕೊಡಿ ಎಂದು ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಅವರ ಹತ್ತಿರ ಹೋದರು. ಬಿಗ್ಸ್‌ಬಿ ಸಂಗೀತ ವಾದ್ಯದ ವ್ಯಾಪಾರಿ ಆಗಿರಲಿಲ್ಲ. ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಕೆತ್ತುತ್ತಿದ್ದವರು, ಸ್ವತಃ ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಓಡಿಸಿದವರು. ಹಳೆಯದನ್ನು ಸರಿಮಾಡುತ್ತಾ ಕೂರುವ ಬದಲು ಹೊಸದನ್ನೇ ಮಾಡಿದರು. ಅಲ್ಯೂಮಿನಿಯಂ ಎರಕದ ಚೌಕಟ್ಟು, ತಂತಿಗಳನ್ನು ಹಿಡಿದು ಉರುಳುವ ಒಂದು ಸರಳು, ಹಿಡಿಯ ಕೆಳಗೆ ಒಂದೇ ಒಂದು ಸ್ಪ್ರಿಂಗ್. ಎರಕದ ಕೆಲಸ ಗೊತ್ತಿದ್ದವನ ಕೈಗೆ ಹೊಳೆದ ದಾರಿ ಅದು. ಬಿಗ್ಸ್‌ಬಿ ಹೆಸರಿನ ಸಾಧನ ಇಂದಿಗೂ ತಯಾರಾಗುತ್ತಿದೆ.

ಎರಡನೆಯವರು ಅದೇ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್. ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ. ಜೀವನಕ್ಕೆ ಹಿಡಿದದ್ದು ರೇಡಿಯೊ ರಿಪೇರಿ. 1938ರಲ್ಲಿ ಫುಲರ್ಟನ್ ಊರಿನಲ್ಲಿ ಅಂಗಡಿ ಹಾಕಿದರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. 1954ರಲ್ಲಿ ಮಾರುಕಟ್ಟೆಗೆ ಬಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿಗಾಗಿ ಅವರು ಮಾಡಿಸಿದ ಮೊದಲ ಟ್ರೆಮೊಲೊದಲ್ಲಿ ತಂತಿಗಳು ಸಣ್ಣ ಉರುಳೆಗಳ ಮೇಲೆ ಹಾದು ಹಿಂದಿನ ಕೊಕ್ಕೆಗೆ ಹೋಗುತ್ತಿದ್ದವು. ಅದು ಚೆನ್ನಾಗಿ ಅಲುಗುತ್ತಿತ್ತು. ಆದರೆ ಸ್ವರ ತೆಳುವಾಗಿ ಕೇಳುತ್ತಿತ್ತು, ಬೇಗ ಆರಿಹೋಗುತ್ತಿತ್ತು. ತಯಾರಿಕೆಯ ಸಲಕರಣೆ ಸಿದ್ಧವಾಗಿದ್ದರೂ ಅದನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಆರಂಭಿಸಿದರು. ಎರಡನೇ ಮಾದರಿಯಲ್ಲಿ ಕುದುರೆಯ ಕೆಳಗೆ ದಪ್ಪ ಉಕ್ಕಿನ ಗಟ್ಟಿಯನ್ನು ಸೇರಿಸಿ, ತಂತಿಗಳನ್ನು ಅದರ ಮೂಲಕವೇ ಹಾಯಿಸಿದರು. ಭಾರವಾದ ಉಕ್ಕು ತಂತಿಯ ಕಂಪನವನ್ನು ಬೇಗ ನುಂಗಲಿಲ್ಲ, ಸ್ವರ ನಿಂತಿತು. ಇದಕ್ಕೆ 1956ರಲ್ಲಿ ಪೇಟೆಂಟ್ ದೊರೆಯಿತು. ಇಂದು ಲೋಕದಲ್ಲಿ ಕಾಣುವ ಬಹುಪಾಲು ಟ್ರೆಮೊಲೊಗಳು ಈ ಎರಡನೇ ಮಾದರಿಯ ಸಂತಾನ.

ಮೂರನೆಯವರು ಫ್ಲಾಯ್ಡ್ ರೋಸ್. ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದರು. ಜೊತೆಗೆ ಆಭರಣ ಮಾಡುವ ಕೆಲಸ. 1976ರ ಸುಮಾರಿಗೆ ತಮ್ಮ 1957ರ ಸ್ಟ್ರಾಟೊಕ್ಯಾಸ್ಟರಿನ ಶ್ರುತಿ ನಿಲ್ಲದೆ ಬೇಸತ್ತರು. ಬಿರಡೆಗಳ ಕೆಳಗೆ ತಂತಿಗಳು ಹಾದುಹೋಗುವ ಒಂದು ಕಚ್ಚುಪಟ್ಟಿ ಇರುತ್ತದೆ, ಗಿಟಾರಿನವರು ಅದನ್ನು ನಟ್ ಎನ್ನುತ್ತಾರೆ. ಸರಳನ್ನು ಒತ್ತಿ ಬಿಟ್ಟಾಗ ತಂತಿ ಆ ಕಚ್ಚಿನಲ್ಲಿ ಜಾರಿ, ಸರಿಯಾದ ಜಾಗಕ್ಕೆ ಬಾರದೆ ಸಿಕ್ಕಿಕೊಳ್ಳುತ್ತಿತ್ತು. ಕಚ್ಚಿಗೆ ಎಣ್ಣೆ ಸವರಿ ನೋಡಿದರು, ಬಿರಡೆಯ ಸುತ್ತು ಕಡಿಮೆ ಮಾಡಿ ನೋಡಿದರು. ಆಗಲಿಲ್ಲ. ಆಮೇಲೆ ತಂತಿ ಅಲ್ಲಿ ಜಾರಲೇಬಾರದು ಎಂದು, ಆಭರಣದ ಸಣ್ಣ ಉಪಕರಣಗಳಿಂದಲೇ ಹಿತ್ತಾಳೆಯ ನಟ್ ಒಂದನ್ನು ಮಾಡಿ ಮೂರು ಹಿಡಿಕೆಗಳಿಂದ ತಂತಿಗಳನ್ನು ಬಿಗಿದರು. ಕೆಲಸ ಮಾಡಿತು, ಆದರೆ ಸ್ವಲ್ಪ ಕಾಲ. ಹಿತ್ತಾಳೆ ಮೃದು, ತಂತಿ ಮತ್ತೆ ಜಾರಿತು. ಮುಂದೆ ಕುದುರೆಯ ಕಡೆಯಲ್ಲೂ ತಂತಿಯನ್ನು ಬಿಗಿದರು, ಕೊನೆಗೆ ಎರಡನ್ನೂ ಹದ ಕೊಟ್ಟ ಗಟ್ಟಿ ಉಕ್ಕಿನಲ್ಲಿ ಮಾಡಿದರು. 1979ರಲ್ಲಿ ಪೇಟೆಂಟ್ ಬಂತು. ಅಷ್ಟಕ್ಕೂ ಕೆಲಸ ಮುಗಿಯಲಿಲ್ಲ. ನಟ್ ಬಿಗಿದ ಮೇಲೆ ಬಿರಡೆ ತಿರುಗಿಸಿ ಪ್ರಯೋಜನವಿಲ್ಲವಲ್ಲ! ಅದಕ್ಕಾಗಿ ಕುದುರೆಯ ಮೇಲೆಯೇ ಸಣ್ಣ ಶ್ರುತಿ ತಿರುಪುಗಳನ್ನು ಆಮೇಲೆ ಸೇರಿಸಬೇಕಾಯಿತು.

ಮರದ ಮಾದರಿ ಕೆತ್ತುವವರು, ರೇಡಿಯೊ ರಿಪೇರಿಯವರು, ಆಭರಣ ಮಾಡುವವರು. ಒಂದು ಕಸುಬಿನಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ಉಪಯೋಗಕ್ಕೆ ಬಂತು. ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಬೆಳಗಾವಿಯಿಂದ ಗಡಿ ದಾಟಿದರೆ ಮೀರಜ್ ಇದೆ. ಅಲ್ಲಿ ಸಿತಾರ್, ತಂಬೂರಿ ಮಾಡುವ ಮನೆತನಗಳು ಶಿಕಲ್‌ಗಾರರು, ಹಿಂದೆ ಕತ್ತಿ ಸಾಣೆ ಹಿಡಿದು ಆಯುಧ ರಿಪೇರಿ ಮಾಡುತ್ತಿದ್ದವರು. ಆಯುಧಗಳ ಕಾಲ ಮುಗಿಯುತ್ತಾ ಬಂದಾಗ, ಹತ್ತೊಂಬತ್ತನೇ ಶತಮಾನದಲ್ಲಿ, ಫರೀದ್‌ಸಾಹೇಬರಂಥವರು ವಾದ್ಯಗಳ ಕಡೆ ತಿರುಗಿದರು. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು.

ಈಗ ನಮ್ಮ ವಿದ್ಯಾರ್ಥಿಯ ಕೆಲಸಕ್ಕೆ ಬರೋಣ. ಇಂಥ ಮಾದರಿಯನ್ನು ಮನೆಯಲ್ಲಿ ಮತ್ತು ಕಾಲೇಜಿನ ವರ್ಕ್‌ಶಾಪಿನಲ್ಲಿ ಹೇಗೆ ಮಾಡಬೇಕು ಎಂದು ಅವನು ನಕ್ಷೆ ಸಮೇತ ವಿವರಿಸಿದ್ದ. ಉಳಿದ ಮಕ್ಕಳಿಗೂ ಉಪಯೋಗವಾಗಲಿ ಎಂದು ಸಾರಾಂಶ ಹೇಳುತ್ತೇವೆ.

ಮೊದಲು ಲೆಕ್ಕ. ಸಾಧಾರಣ ತಂತಿಗಳ ಒಂದು ಸೆಟ್ಟಿನಲ್ಲಿ ಆರೂ ತಂತಿಗಳ ಒಟ್ಟು ಎಳೆತ ಸುಮಾರು 47 ಕೆ.ಜಿ. ಅರ್ಧ ಮೂಟೆ ಅಕ್ಕಿಗೆ ಹತ್ತಿರ! ತಂತಿಗಳು ತಿರುಗುಬಿಂದುವಿನಿಂದ 10 ಮಿ.ಮೀ. ಮೇಲೆ ಇವೆ, ಸ್ಪ್ರಿಂಗುಗಳು 40 ಮಿ.ಮೀ. ಕೆಳಗೆ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ಶಾಲೆಯಲ್ಲಿ ಕಲಿತ ಸನ್ನೆಕೋಲಿನ ನಿಯಮ ನೆನಪಿದೆಯೇ? 47ನ್ನು 10ರಿಂದ ಗುಣಿಸಿ 40ರಿಂದ ಭಾಗಿಸಿದರೆ ಸುಮಾರು 12 ಕೆ.ಜಿ. ಮೂರು ಸ್ಪ್ರಿಂಗ್ ಹಾಕಿದರೆ ಒಂದೊಂದಕ್ಕೆ ಸುಮಾರು 4 ಕೆ.ಜಿ. ಇಷ್ಟು ಲೆಕ್ಕ ಮಾಡಿಕೊಂಡು ಹೋದ ಹುಡುಗ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಸ್ಪ್ರಿಂಗನ್ನು ತರುವುದಿಲ್ಲ.

ಆಮೇಲೆ ನಕ್ಷೆ, ನಿಜವಾದ ಅಳತೆಯಲ್ಲೇ. ನಕ್ಷೆಯಿಂದ ರಟ್ಟಿನ ಮಾದರಿ, ತಿರುಗುಬಿಂದುವಿಗೆ ಒಂದು ಗುಂಡುಸೂಜಿ. ಕುದುರೆ ತಿರುಗುವಾಗ ಎಲ್ಲಿ ತಾಗುತ್ತದೆ ಎಂಬುದು ರಟ್ಟಿನಲ್ಲೇ ಗೊತ್ತಾಗುತ್ತದೆ. ಒಳ್ಳೆಯ ಗಿಟಾರನ್ನು ಕೊರೆಯಲು ಹೋಗಬಾರದು. ಗಟ್ಟಿ ಮರದ ಹಲಗೆಯ ಒಂದು ತುದಿಗೆ ಬಿರಡೆ ಮತ್ತು ನಟ್, ಇನ್ನೊಂದು ತುದಿಗೆ ಕುದುರೆ ಕೂರಿಸಿದರೆ ಪರೀಕ್ಷೆಗೆ ಸಾಕು. ಶ್ರುತಿ ನೋಡಲು ಮೊಬೈಲ್ ಇದೆ.

ಲೋಹದ ಕೆಲಸದಲ್ಲಿ ಅವನು ಬರೆದ ಒಂದು ಸಾಲು ನಮಗೆಲ್ಲ ಹಿಡಿಸಿತು: ‘ಎಲ್ಲ ಅಳತೆ ಒಂದೇ ಅಂಚಿನಿಂದ.’ ಮೊದಲ ತಂತಿಯಿಂದ ಆರನೆಯದಕ್ಕೆ 56 ಮಿ.ಮೀ. ಇದ್ದರೆ ನಡುವೆ ಐದು ಅಂತರಗಳು, ಒಂದೊಂದೂ 11.2 ಮಿ.ಮೀ. ಒಂದು ರಂಧ್ರದಿಂದ ಮುಂದಿನ ರಂಧ್ರಕ್ಕೆ ಅಳೆಯುತ್ತಾ ಹೋದರೆ, ಪ್ರತಿ ಸಲ 0.1 ಮಿ.ಮೀ. ತಪ್ಪಿದರೂ ಕೊನೆಯ ರಂಧ್ರದಲ್ಲಿ ಅದು 0.5 ಮಿ.ಮೀ. ಆಗಿ ಕೂರುತ್ತದೆ. ಒಂದೇ ಅಂಚಿನಿಂದ ಅಳೆದರೆ ಒಂದರ ತಪ್ಪು ಇನ್ನೊಂದಕ್ಕೆ ಅಂಟುವುದಿಲ್ಲ. ರಂಧ್ರ ಕೊರೆಯುವ ಮೊದಲು ಪಂಚ್ ಹೊಡೆಯಬೇಕು. ಗಟ್ಟಿಯ ಆಳದ ರಂಧ್ರ ಕೊರೆಯುವಾಗ ಆಗಾಗ ಬಿಟ್ ಮೇಲೆತ್ತಿ ಚೂರು ತೆಗೆಯಬೇಕು, ಎಣ್ಣೆ ಬಿಡಬೇಕು. ಅವಸರ ಮಾಡಿದರೆ ಬಿಟ್ ದಾರಿ ತಪ್ಪುತ್ತದೆ ಇಲ್ಲವೇ ಮುರಿಯುತ್ತದೆ. 3 ಮಿ.ಮೀ. ತಿರುಪಿನ ಮರೆಗೆ 2.5 ಮಿ.ಮೀ. ರಂಧ್ರ, 6 ಮಿ.ಮೀ. ತಿರುಪಿಗೆ 5 ಮಿ.ಮೀ. ಕಣ್ಣಿಗೆ ಕನ್ನಡಕ ಕಡ್ಡಾಯ, ತಂತಿ ಬಿಗಿಯುವಾಗಲೂ.

ತಿರುಗುಬಿಂದು ಈ ಕೆಲಸದ ಜೀವ. ಕುದುರೆಯ ಚೂರಿಯಂಥ ಅಂಚು ಒಂದು ತೋಡಿನಲ್ಲಿ ಕೂತು ತಿರುಗುತ್ತದೆ. ಅದನ್ನು ಸಾಧಾರಣ ಮೈಲ್ಡ್ ಸ್ಟೀಲಿನಲ್ಲಿ ಮಾಡಿದರೆ ಅಂಚು ಕೆಲವೇ ದಿನಗಳಲ್ಲಿ ಮಟ್ಟವಾಗಿ, ಕುದುರೆ ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಮೈಲ್ಡ್ ಸ್ಟೀಲಿನಲ್ಲಿ ಇಂಗಾಲ ಕಡಿಮೆ, ಕಾಯಿಸಿ ಅದ್ದಿದರೂ ಅದು ಗಟ್ಟಿಯಾಗುವುದಿಲ್ಲ. ಅದಕ್ಕೆ ಬೇರಿಂಗ್ ಮಾಡುವಂಥ ಹೆಚ್ಚು ಇಂಗಾಲದ ಉಕ್ಕು ಬೇಕು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಬಿರುಸು ತೆಗೆಯಬೇಕು.

ಕೊನೆಗೆ ಪರೀಕ್ಷೆ. ಶ್ರುತಿ ಮಾಡಿ, ಸರಳನ್ನು 20 ಸಲ ಒತ್ತಿ ಬಿಟ್ಟು, ಪ್ರತಿ ತಂತಿಯ ಶ್ರುತಿಯನ್ನು ಬರೆದುಕೊಳ್ಳಬೇಕು. ಆರೂ ತಂತಿ ಒಟ್ಟಿಗೆ ತಪ್ಪಿದ್ದರೆ ತಿರುಗುಬಿಂದು ಅಥವಾ ಸ್ಪ್ರಿಂಗಿನ ಮೇಲೆ ಅನುಮಾನ. ಒಂದೇ ತಂತಿ ತಪ್ಪಿದ್ದರೆ ಆ ತಂತಿಯ ದಾರಿಯಲ್ಲಿ ಹುಡುಕಬೇಕು. ಒತ್ತಿ ಬಿಟ್ಟ ಮೇಲೆ ಶ್ರುತಿ ಏರಿ ನಿಂತರೆ ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಂಡಿರಬಹುದು. ಪೆನ್ಸಿಲ್ ಸೀಸದ ಪುಡಿ ಹಾಕಿ ಮತ್ತೆ ನೋಡಬೇಕು. ಇಳಿದು ನಿಂತರೆ ತಂತಿ ಎಲ್ಲೋ ಜಾರಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ತಂದೆ ತಾಯಂದಿರೇ, ಇದೆಲ್ಲ ಬರೀ ಗಿಟಾರಿನ ವಿದ್ಯೆಯಲ್ಲ. ಇದೇ ಅಳತೆ, ಇದೇ ಹದ, ಇದೇ ಪರೀಕ್ಷೆ ಪಂಪಿನ ವಾಲ್ವಿಗೂ ಬೇಕು, ಆಸ್ಪತ್ರೆಯ ಉಪಕರಣಕ್ಕೂ ಬೇಕು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಆರಂಭವಾದಾಗಿನಿಂದ ನಮ್ಮ ನಾಡು ಯಂತ್ರ ಮಾಡುವ ಯಂತ್ರಗಳ ನಾಡು. 1972ರಿಂದ ಸರ್ಕಾರದ ಜಿಟಿಟಿಸಿ ಟೂಲ್ ಅಂಡ್ ಡೈ ಕಲಿಸುತ್ತಿದೆ. ಆದರೂ ಐಟಿಐ ಎಂದರೆ ‘ಬೇರೆ ಏನೂ ಸಿಗದವರಿಗೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಆ ಯೋಚನೆಯೇ ಬರುವುದಿಲ್ಲ. ಸೂಜಿಯಲ್ಲಿ ಜರಿ ಕೆಲಸ ಮಾಡುವ ಕೈಗೆ ಮೈಕ್ರೋಮೀಟರ್ ಹಿಡಿಯುವುದು ಕಷ್ಟವೇ?

ಇನ್ನು ನಮ್ಮ ಸಮಿತಿಯ ಮುಖ್ಯ ಮಾತು. ಬಿಗ್ಸ್‌ಬಿಗೂ ಫೆಂಡರಿಗೂ ರೋಸಿಗೂ ಸಮಾನವಾಗಿದ್ದದ್ದು ಒಂದು: ಮೊದಲಿನದು ಸರಿಹೋಗದಾಗ ಇನ್ನೊಂದನ್ನು ಮಾಡಲು ಕೈಯಲ್ಲಿ ಲೋಹವಿತ್ತು. ರೋಸ್ ಹಿತ್ತಾಳೆಯಲ್ಲೇ ನಿಂತಿದ್ದರೆ? ಇಂದು ವರ್ಕ್‌ಶಾಪಿನಲ್ಲಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ಒಂದು ತುಂಡು ಸಿಗುತ್ತದೆ. ಅದು ಕೆಟ್ಟರೆ ಅನುಕೂಲಸ್ಥರ ಮಗ ಪೇಟೆಗೆ ಹೋಗಿ ಇನ್ನೊಂದು ತರುತ್ತಾನೆ. ಆಟೋ ಓಡಿಸುವವರ ಮಗ, ಬೀಡಿ ಕಟ್ಟುವವರ ಮಗಳು ಕೆಟ್ಟ ತುಂಡನ್ನೇ ಉಜ್ಜಿ ಉಜ್ಜಿ ಅಂಕಕ್ಕೆ ಒಪ್ಪಿಸುತ್ತಾರೆ. ಅವರ ಹೆಸರಿನ ಮುಂದೆ ‘ಶ್ರದ್ಧೆ ಸಾಲದು’ ಎಂದು ಬೀಳುತ್ತದೆ. ಅಲ್ಲಿ ಸಾಲದೆ ಹೋದದ್ದು ಶ್ರದ್ಧೆಯಲ್ಲ, ಅರ್ಧ ಕಿಲೋ ಉಕ್ಕು.

ಆದ್ದರಿಂದ ಶುಲ್ಕ ಕಟ್ಟಿದರೆ ನಮ್ಮ ಕರ್ತವ್ಯ ಮುಗಿಯಿತು ಎಂದು ತಿಳಿಯಬಾರದೆಂದು ನಾವು ಟ್ರಸ್ಟನ್ನು ಕೋರಿದೆವು. ಪದಾಧಿಕಾರಿಗಳು ಒಪ್ಪಿದ್ದಾರೆ. ಮುಂದಿನ ವರ್ಷದ ಅರ್ಜಿ ನಮೂನೆಯಲ್ಲಿ ‘ಪ್ರಾಯೋಗಿಕ ಸಾಮಗ್ರಿ’ ಎಂಬ ಐದನೆಯ ಅಂಕಣ ಅಚ್ಚಾಗಿಯೇ ಬರುತ್ತದೆ. ಐಟಿಐ, ಡಿಪ್ಲೊಮಾ, ಹೊಲಿಗೆ, ಎಲೆಕ್ಟ್ರಿಕಲ್, ಪ್ರಯೋಗಾಲಯ ತಾಂತ್ರಿಕ ತರಬೇತಿ ಯಾವುದನ್ನು ಓದುವವರೂ, ಹುಡುಗರೂ ಹುಡುಗಿಯರೂ ಇದರಲ್ಲಿ ಕೇಳಬಹುದು. ಮಾದರಿ ಗಿಟಾರಿನದೇ ಆಗಬೇಕಿಲ್ಲ.

ಈ ಅಂಕಣ ತುಂಬುವವರು ಮಾಮೂಲಿ ಆದಾಯ ಪ್ರಮಾಣಪತ್ರ ಮತ್ತು ಅಂಕಪಟ್ಟಿಯ ಜೊತೆ ಮೂರು ಹಾಳೆ ಲಗತ್ತಿಸಬೇಕು. ಒಂದರಲ್ಲಿ ಕೈಯಿಂದ ಬರೆದ, ಅಳತೆ ಇರುವ ನಕ್ಷೆ. ಎರಡನೆಯದರಲ್ಲಿ ಎರಡು ಸಲದ ತಯಾರಿಗೆ ಆಗುವಷ್ಟು ಸಾಮಗ್ರಿಯ ಪಟ್ಟಿ, ನಿಮ್ಮ ಊರಿನ ಅಂಗಡಿಯ ದರದಲ್ಲಿ, ಬೋಧಕರ ಸಹಿಯೊಂದಿಗೆ. ಮೂರನೆಯದು, ಕೆಲಸ ಈಗಾಗಲೇ ಆರಂಭಿಸಿದ್ದರೆ, ಮೊದಲ ತುಂಡು ಎಲ್ಲಿ ಸರಿಯಾಗಲಿಲ್ಲ, ಎರಡನೆಯದರಲ್ಲಿ ಯಾವ ಒಂದನ್ನು ಬದಲಿಸುತ್ತೀರಿ ಎಂಬ ಬರಹ. ಭಾಷೆ ಚಂದ ಇರಬೇಕಾಗಿಲ್ಲ, ಅಳತೆ ಸರಿ ಇರಲಿ.

ಸಂದರ್ಶನಕ್ಕೆ ಬರುವಾಗ ಆ ಕೆಟ್ಟ ತುಂಡನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ನಾವು ಮೊದಲು ಕೇಳುವುದು ಅದನ್ನೇ.